ಮೂಟೆಯೊಳಗೆ ಮೊಣಕೈ

ಆಗಸ್ಟ್ ಹದಿಮೂರು. ಚಿಕ್ಕಜಾಜೂರಿನ ಕಡೆ ಹೋಗುವ ಪ್ಯಾಸೆಂಜರ್‌ಗೆ
ಇನ್ನೂ ಅರ್ಧ ತಾಸು.
ಮೇಲಿನಿಂದ ಬಂದ ಮಾತು ಇಷ್ಟೇ:
ಪ್ರತಿ ಚೀಲ, ಪ್ರತಿ ಮೂಟೆ, ಪ್ರತಿ ಬುತ್ತಿಗಂಟು.
ದಾವಣಗೆರೆ ಸ್ಟೇಷನ್ನಿನ ಮೆಟಲ್ ಡಿಟೆಕ್ಟರ್ ಬಾಗಿಲು
ಕಾಲುಂಗುರಕ್ಕೂ ಕೂಗುತ್ತದೆ, ಉಡಿದಾರದ ಬೆಳ್ಳಿಗೂ ಕೂಗುತ್ತದೆ.
ಎಲ್ಲರಿಗೂ ಕೂಗುವುದು ಯಾರಿಗೂ ಕೂಗಿದಂತಲ್ಲ.
ಉಳಿದದ್ದು ನನ್ನ ಎರಡು ಕೈ.

ತರಬೇತಿಯಲ್ಲಿ ಕಲಿಸಿದ್ದರು:
ತುರುಬಿನೊಳಗೆ ಬೆರಳಾಡಿಸು, ಸೆರಗಿನ ಗಂಟು ಬಿಚ್ಚಿಸು,
ಮುಟ್ಟುವ ಮುಂಚೆ ಒಂದು ಮಾತು ಹೇಳು.
ಕಲಿಸಲಿಲ್ಲ,
ಎಲೆಯಡಿಕೆ ಸಂಚಿಯಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕರೆ
ಅದನ್ನು ಅದೇ ಮಡಿಕೆಗೆ ಮತ್ತೆ ಮಡಿಚುವುದು ಹೇಗೆಂದು.

ಗೇಟಿನಲ್ಲಿ ಟೀಸಿ ಮುರಿಗೆಪ್ಪನವರು.
ಹರಿಹರದಿಂದ ಬರುವ ಹುಡುಗರು ಅವರ ಕರಿ ಕೋಟನ್ನು
ದೂರದಿಂದಲೇ ಓದಿ, ಎಡಗಡೆ ಹಳಿಗೆ ಹಾರಿ,
ಗೂಡ್ಸ್ ಡಬ್ಬಿಗಳ ಸಂದಿಯಲ್ಲಿ ನುಸುಳುತ್ತಾರೆ.
ಇವತ್ತು ಒಬ್ಬ ಸಿಕ್ಕ.
'ಸರ್, ಪಾಸು ನಿನ್ನೆ ತನಕ ಇತ್ರಿ.'
'ಹಂಗಾದ್ರೆ ನಿನ್ನೆ ಬರ್ಬೇಕಿತ್ತಲ್ಲೋ.'
ಇನ್ನೂರೈವತ್ತು ದಂಡ, ಮೇಲೆ ಚಾರ್ಜು.
ಹುಡುಗ ಕಿಸೆ ಮುಟ್ಟಿಕೊಂಡು ಕೇಳಿದ: 'ಫೋನ್‌ಪೇ ನಡಿತೈತಾ ಸರ್?'
ನಗು ತಡೆಯಲು ನಾನು ಹಳಿಯ ಕಲ್ಲು ಎಣಿಸಿದೆ.

ಆಮೇಲೆ ಜೈತುನ್‌ಬೀ.
ಮೊದಲು ಮೂಟೆ ಬರುತ್ತದೆ, ಅದರ ಹಿಂದೆಲ್ಲೋ ಅವಳು,
ರಾತ್ರಿಯ ಭಟ್ಟಿಯ ಹೊಗೆ ಇನ್ನೂ ಸೆರಗಿನಲ್ಲಿ.
'ಲಗೇಜ್ ಟಿಕೆಟ್?' ಅಂದರು ಮುರಿಗೆಪ್ಪ.
'ತೂಕ ಹಾಕ್ರಿ ಸಾಬ್.'
ಪಾರ್ಸೆಲ್ ಆಫೀಸಿನ ತಕ್ಕಡಿ ಹೇಳಿತು: ಒಂಬತ್ತು ಕೇಜಿ, ಮುನ್ನೂರು ಗ್ರಾಂ.
'ತೂಕಲ್ಲಮ್ಮ, ಗಾತ್ರ. ಮೂರು ಮಂದಿ ಜಾಗ ತಿಂತೈತಿ ನಿನ್ನ ಮೂಟೆ.'
'ಮಂಡಕ್ಕಿ ಸಾಬ್, ಒಳಗಿರೋದೆಲ್ಲ ಗಾಳಿ.
ಗಾಳಿಗೂ ಚಾರ್ಜ್ ಹಾಕ್ತೀರೇನು?'
ಪ್ಲಾಟ್‌ಫಾರ್ಮ್ ನಕ್ಕಿತು. ಮುರಿಗೆಪ್ಪ ನಗಲಿಲ್ಲ.
ಅವರದೂ ಸುಳ್ಳಲ್ಲ: ಹೋದ ವಾರ ಬಾಣಂತಿಯೊಬ್ಬಳು ಮಾಯಕೊಂಡದವರೆಗೆ
ಇಂಥದೇ ಮೂಟೆಗೆ ಆನಿಕೊಂಡು
ಕೂಸೆತ್ತಿ ನಿಂತೇ ಹೋಗಿದ್ದಳು.

ಎಎಸ್‌ಐ ತಿಪ್ಪೇಸ್ವಾಮಿ ಕಬ್ಬಿಣದ ಸರಳು ತಂದರು.
ಸರಳು ಹೊಕ್ಕರೆ ಚೀಲ ಹರಿದು
ತೋಳಹುಣಸೆ ದಾಟುವಷ್ಟರಲ್ಲಿ ಅರ್ಧ ಮೂಟೆ ಹಳಿಯ ಪಾಲು.
'ಬೇಡ ಸರ್, ಕೈ ಹಾಕ್ತೀನಿ.'

ಬಾಯಿದಾರ ಬಿಚ್ಚಿ ಮೊಣಕೈತನಕ ಇಳಿಸಿದೆ.
ಬೆಚ್ಚಗಿತ್ತು. ಚರಚರ ಸದ್ದು,
ತರಗತಿಯ ಹಿಂದಿನ ಬೆಂಚು ಬಾಯಿ ಮುಚ್ಚಿ ನಗುವ ಹಾಗೆ.
ಆಳದಲ್ಲಿ ಬೆರಳಿಗೆ ಗಟ್ಟಿ ಏನೋ ತಾಗಿತು.
ಲೋಹ.
ನನ್ನ ಮುಖ ನೋಡಿ ತಿಪ್ಪೇಸ್ವಾಮಿ ಸೀಟಿ ತುಟಿಗೆ ತಂದರು.
ಸುತ್ತ ನಿಂತವರು ಒಂದು ಹೆಜ್ಜೆ ಹಿಂದೆ.
ಜೈತುನ್‌ಬೀ ಮಾತ್ರ ಸರಿಯಲಿಲ್ಲ. ನೆಲ ನೋಡಿದಳು.

ತಡವಿದೆ: ದುಂಡಗೆ, ಬಾಯಿ ಅಗಲ, ಹಿಡಿಯಿಲ್ಲ.
ಸೇರು. ಅಳೆಯುವ ಸೇರು.
ಒಳಗೆ ಬೆರಳಿಟ್ಟರೆ ತಳ ಮೇಲಕ್ಕೆ ಉಬ್ಬಿತ್ತು,
ಸುತ್ತಿಗೆಯಲ್ಲಿ ಹದವಾಗಿ ಬಡಿದ ಉಬ್ಬು,
ಎರಡು ಬೆರಳು ಎತ್ತರ.
ಸೇರಿಗೆ ಒಂದು ಹಿಡಿ ಅವಳಿಗೆ.
ಹತ್ತು ವರ್ಷ ನಮ್ಮ ಮನೆಗೂ ಅಳೆದದ್ದು ಇದರಲ್ಲೇ.
ಮೇಲೆ ನಾಲ್ಕು ಕಾಳು ಕೊಸರು ಹಾಕುವಾಗ
ಅವ್ವ ಅವಳನ್ನು ಹರಸುತ್ತಿದ್ದಳು.

'ಏನದು?'
ಸುತ್ತೋಲೆಯಲ್ಲಿ ಅದರ ಹೆಸರಿರಲಿಲ್ಲ.
'ಸೇರು ಸರ್' ಅಂದೆ. ಹೊರಗೆ ತೆಗೆಯಲಿಲ್ಲ.

ರಿಜಿಸ್ಟರಿನಲ್ಲಿ ಬರೆದೆ: ಆಕ್ಷೇಪಾರ್ಹ ವಸ್ತು ಕಂಡುಬಂದಿಲ್ಲ.
ತಲೆ ಎತ್ತುವಷ್ಟರಲ್ಲಿ ಜೈತುನ್‌ಬೀ ಮುರಿಗೆಪ್ಪನವರ ಮುಂದೆ
ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದಳು:
'ಗಾತ್ರದ್ದೇ ಹಾಕ್ರಿ ಸಾಬ್. ಗಾಳಿದೂ ಹಾಕ್ರಿ.'
ಅವರಿಗೆ ಅರ್ಥವಾಗಲಿಲ್ಲ; ರಸೀದಿ ಹರಿದುಕೊಟ್ಟರು.

ರೈಲು ಬಂತು, ಹೋಯಿತು.
ಮಧ್ಯಾಹ್ನ ನೋಡಿದರೆ ಖಾಕಿ ತೋಳಿನ ಮಡಿಕೆಯಲ್ಲಿ ಒಂದು ಮಂಡಕ್ಕಿ.
ಬಾಯಿಗೆ ಹಾಕಿಕೊಂಡೆ.
ಉಪ್ಪು ಸರಿಯಾಗಿತ್ತು.